ಗೌರಮ್ಮನನ್ನು ಹುಡುಕುವುದು ಹೇಗೆ: ಕಾಶಿಯಿಂದ ಬ್ರಾಂಪ್ಟನ್‌ವರೆಗೆ ಒಂದು ಪ್ರಕರಣ

1841ರಲ್ಲಿ ಕಾಶಿಯಲ್ಲಿ ಹುಟ್ಟಿದ ಹೆಣ್ಣುಮಗಳು ಗೌರಮ್ಮ 1864ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡಳು. ಬದುಕಿದ್ದು 22 ವರ್ಷ. ತಂದೆ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ. 1834ರಲ್ಲಿ ಕಂಪನಿ ಸರ್ಕಾರ ಆತನನ್ನು ಗದ್ದುಗೆಯಿಂದ ಇಳಿಸಿ ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಸಾಗಿಸಿತ್ತು. 1852ರಲ್ಲಿ ಆತ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ಬೇಸಿಗೆಯಲ್ಲೇ ಅರಮನೆಯಲ್ಲಿ ಆಕೆಗೆ ಬ್ಯಾಪ್ಟಿಸಂ (ಕ್ರೈಸ್ತ ದೀಕ್ಷೆ) ಆಯಿತು. ವಿಕ್ಟೋರಿಯಾ ರಾಣಿ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. 1860ರಲ್ಲಿ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಬೆಲ್ ಜೊತೆ ಮದುವೆ, ಮರುವರ್ಷ ಎಡಿತ್ ಎಂಬ ಮಗಳು, ಇನ್ನು ಮೂರು ವರ್ಷಕ್ಕೆ ಸಾವು, ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿ.

ಕಥೆ ಬಹಳ ಜನಕ್ಕೆ ಗೊತ್ತು. ಅದನ್ನು ಇನ್ನೊಮ್ಮೆ ಹೇಳುವುದು ಈ ಬರಹದ ಕೆಲಸವಲ್ಲ. ಇದರ ಒಂದೊಂದು ಸಾಲಿಗೂ ಆಧಾರ ಬೇಕು ಎಂದು ಯಾರಾದರೂ ಕೂತರೆ ಯಾವ ಕಾಗದ ಎಲ್ಲಿದೆ, ಅದನ್ನು ಹೇಗೆ ತೆಗೆಯುವುದು, ಎಲ್ಲಿ ಕಾಲು ಜಾರುತ್ತದೆ ಎಂಬುದಷ್ಟೇ ಇಲ್ಲಿ ವಿಷಯ. ಆ ಕಾಲದ ಯಾವ ಹೆಣ್ಣಿನ ಜಾಡು ಹಿಡಿಯುವವರಿಗೂ ಇದು ಒಳ್ಳೆಯ ಮಾದರಿ. ಕಾರಣ ವಿಚಿತ್ರವಾದದ್ದು: ರಾಜಕುಮಾರಿಯಾದರೂ ಆಕೆಯ ಹೆಸರಿನಲ್ಲಿ ತೆರೆದ ಕಡತ ಸಿಗುವುದು ಅಪರೂಪ. ಆಕೆ ಸಿಗುವುದು ಅಪ್ಪನ ಕಡತದಲ್ಲಿ, ಪೋಷಕರ ಪತ್ರಗಳಲ್ಲಿ, ರಾಣಿಯ ದಿನಚರಿಯಲ್ಲಿ, ಗಂಡನ ಹೆಸರಿನ ಕೆಳಗೆ. ಹಾಗಾಗಿ ಹೆಣ್ಣನ್ನು ಹುಡುಕುವವರು ಮೊದಲು ಆಕೆಯ ಸುತ್ತಲಿನ ಗಂಡಸರ ಪಟ್ಟಿ ಮಾಡಿಕೊಳ್ಳಬೇಕು. ಈ ಪ್ರಕರಣದಲ್ಲಿ ಆ ಪಟ್ಟಿ ಮೂವರದು: ಅರಸ, ಆಕೆಯ ಪೋಷಕ ಸರ್ ಜಾನ್ ಲಾಗಿನ್, ಗಂಡ ಕರ್ನಲ್ ಕ್ಯಾಂಬೆಲ್.

ಹೆಸರಿನ ಗೋಜಲು

ಕೆಲಸ ಕೆಡುವುದು ಮೊದಲ ಹೆಜ್ಜೆಯಲ್ಲೇ. ಕನ್ನಡದಲ್ಲಿ ‘ಕೊಡಗಿನ ಗೌರಮ್ಮ’ ಎಂದು ಹುಡುಕಿದರೆ ಸಾಲುಸಾಲಾಗಿ ಬರುವುದು 1912ರಲ್ಲಿ ಹುಟ್ಟಿ 1939ರಲ್ಲಿ ತೀರಿದ ಕಥೆಗಾರ್ತಿ. ಆಕೆಗೂ ಈಕೆಗೂ ಸಂಬಂಧವಿಲ್ಲ. ಎರಡನೆಯ ಗೊಂದಲ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ್ದು. ಅಲ್ಲಿ ರಾಣಿಯ ಹೆಸರು ಗೌರಮ್ಮ. ಕಾದಂಬರಿ ಓದಿದವರ ತಲೆಯಲ್ಲಿ ತಾಯಿ–ಮಗಳ ಹೆಸರು ಅದಲುಬದಲಾಗಿ ಕೂತಿರುತ್ತದೆ, ವಂಶವೃಕ್ಷ ಬರೆಯುವಾಗ ಅದೇ ಕಾಗದಕ್ಕೆ ಇಳಿಯುತ್ತದೆ. ಕಾದಂಬರಿಯನ್ನು ಓದಬೇಕಾದದ್ದು ಕಾದಂಬರಿಯಾಗಿ, ದಾಖಲೆಯಾಗಿ ಅಲ್ಲ.

ಮೂರನೆಯದು ಮನೆಹೆಸರು. ಕೊಡಗು ಎಂದ ಕೂಡಲೇ ಒಕ್ಕದ (ಕೊಡವ ಮನೆತನದ) ಹೆಸರು ಹುಡುಕಲು ಹೊರಡುವವರಿದ್ದಾರೆ. ಗೌರಮ್ಮನ ವಂಶದ ಹಾಲೇರಿ ಅರಸರು ಲಿಂಗಾಯತರು, ಕೊಡವ ಒಕ್ಕಗಳಿಗೆ ಸೇರಿದವರಲ್ಲ. ಅವರ ಮನೆಯ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ‘ಅಮ್ಮಾಜಿ’ ಸೇರುತ್ತದೆ. ಹೀಗಾಗಿ ಕನ್ನಡ ಬರಹಗಳಲ್ಲಿ ‘ಗೌರಮ್ಮಾಜಿ’ ಎಂಬುದನ್ನೂ ನೋಡಬೇಕು. ಇದೇ ಮನೆತನದಲ್ಲಿ ದೇವಮ್ಮಾಜಿ ಎಂಬ ಹೆಸರಿನವರೇ ಇಬ್ಬರು ಬರುತ್ತಾರೆ. ಒಬ್ಬಾಕೆ ದೊಡ್ಡವೀರರಾಜೇಂದ್ರನ ಮಗಳು, ಇನ್ನೊಬ್ಬಾಕೆ ಚಿಕ್ಕವೀರನ ತಂಗಿ, ಗಂಡ ಚನ್ನಬಸಪ್ಪನ ಜೊತೆ ಕೊಡಗು ಬಿಟ್ಟು ಕಂಪನಿಯ ಆಶ್ರಯಕ್ಕೆ ಹೋದವಳು. ಒಬ್ಬಳ ವಿಷಯವನ್ನು ಇನ್ನೊಬ್ಬಳ ತಲೆಗೆ ಕಟ್ಟಿದ ಬರಹಗಳು ಬೇಕಾದಷ್ಟಿವೆ. ಅಮ್ಮಾಜಿಗಳ ಹೆಸರಿನ ಎದುರು ತಂದೆಯ ಹೆಸರು ಬರೆಯದೆ ಮುಂದಕ್ಕೆ ಹೋಗಲೇಬಾರದು.

ಇನ್ನು ಇಂಗ್ಲಿಷ್ ಕಾಗುಣಿತ. ‘ಗೌ’ ಒಂದನ್ನೇ ಗುಮಾಸ್ತರು ಜಿ ಆದಮೇಲೆ ಓ–ಯು ಹಾಕಿ, ಓ–ಡಬ್ಲ್ಯು ಹಾಕಿ, ಎ–ಯು ಹಾಕಿ, ಕೆಲವೊಮ್ಮೆ ಡಬಲ್ ಓ ಹಾಕಿ ಬರೆಯುತ್ತಾರೆ. ಎಂ ಒಂದೇ ಇರಬಹುದು, ಎರಡಿರಬಹುದು. ಹುಡುಕು ಪೆಟ್ಟಿಗೆ ಒಪ್ಪುವುದಾದರೆ ಜಿ ಬರೆದು, ನಕ್ಷತ್ರ ಚಿಹ್ನೆ ಹಾಕಿ, ಕೊನೆಗೆ ಎಂ–ಎ ಬರೆಯುವುದು ಸುರಕ್ಷಿತ. ಅದಕ್ಕಿಂತ ಮುಖ್ಯ, ಆಕೆಗೆ ಸರ್‌ನೇಮ್ ಎಂಬುದೇ ಇರಲಿಲ್ಲ. ಇಂಗ್ಲೆಂಡಿನ ಸೂಚಿಗಳೆಲ್ಲ ಸರ್‌ನೇಮ್ ಪ್ರಕಾರ ಜೋಡಿಸಿದವು. ಗುಮಾಸ್ತ ‘ಗೌರಮ್ಮ’ವನ್ನೇ ಸರ್‌ನೇಮ್ ಮಾಡಿರಬಹುದು, ‘ಕೂರ್ಗ್’ ಎಂಬುದನ್ನು ಮಾಡಿರಬಹುದು, ‘ವಿಕ್ಟೋರಿಯಾ’ವನ್ನೂ ಮಾಡಿರಬಹುದು. ಮೂರನ್ನೂ ಹಾಕಿ ನೋಡಿದ ಮೇಲೇ ‘ಇಲ್ಲ’ ಎನ್ನಬೇಕು.

ಅಪ್ಪನ ಹೆಸರು ಇದಕ್ಕಿಂತ ದೊಡ್ಡ ಒಗಟು. ಲಂಡನ್ನಿನ ಕಾನೂನು ವರದಿಯಲ್ಲಿ ಆತ ‘ವೀರ್ ರಾಜಂಡರ್ ವಡೀರ್’. ಆ ‘ವಡೀರ್’ ನಮ್ಮ ‘ಒಡೆಯರ್’. ಬಾಯಲ್ಲಿ ಹೇಳಿಕೊಂಡರೆ ಕನ್ನಡಿಗರಿಗೆ ಥಟ್ಟನೆ ಗೊತ್ತಾಗುತ್ತದೆ, ಬರೀ ಕಣ್ಣಲ್ಲಿ ನೋಡಿದರೆ ಯಾರೋ ಬೇರೆಯವನು ಎನಿಸುತ್ತದೆ. ಇಂಥ ಹೆಸರು ಸಿಕ್ಕಾಗಲೆಲ್ಲ ಗಟ್ಟಿಯಾಗಿ ಓದಿ. ಇಂಗ್ಲಿಷ್ ಸಂಶೋಧಕರ ಕೈಗೆ ಸಿಗದ್ದು ನಮ್ಮ ಕಿವಿಗೆ ಸಿಗುತ್ತದೆ.

ಕೊನೆಯಿಂದ ಹಿಂದಕ್ಕೆ

ಹುಟ್ಟಿನಿಂದ ಶುರು ಮಾಡಬೇಡಿ, ಸಮಾಧಿಯಿಂದ ಶುರು ಮಾಡಿ. ಬ್ರಾಂಪ್ಟನ್ ಸ್ಮಶಾನ 1840ರಲ್ಲಿ ತೆರೆದದ್ದು. ಅದರ ದಫನ ರಿಜಿಸ್ಟರುಗಳು ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ‘ವರ್ಕ್ 97’ ಎಂಬ ಶ್ರೇಣಿಯಲ್ಲಿವೆ. ಹುಡುಕಬೇಕಾದದ್ದು ‘ಕ್ಯಾಂಬೆಲ್’ ಹೆಸರಿನಲ್ಲಿ. ರಿಜಿಸ್ಟರಿನಿಂದ ಸಮಾಧಿಯ ಸಂಖ್ಯೆಯನ್ನೂ ಅದಿರುವ ವಿಭಾಗವನ್ನೂ ಬರೆದುಕೊಳ್ಳದೆ ಸ್ಥಳಕ್ಕೆ ಹೋದರೆ ದಿನವಿಡೀ ಸುತ್ತಿದರೂ ಕಲ್ಲು ಸಿಗದು. ಅಲ್ಲಿ ಮಣ್ಣಾದವರು ಎರಡು ಲಕ್ಷಕ್ಕೂ ಹೆಚ್ಚು.

ಸಮಾಧಿಯ ಕಲ್ಲನ್ನು ಹತ್ತಿರದಿಂದ ಓದಬೇಕು. ಮೊದಲು ಆಕೆಯ ಹೆಸರು, ಆಮೇಲೆ ಕೊಡಗಿನ ಮಾಜಿ ಅರಸನ ಮಗಳು, ಆಮೇಲೆ ಕ್ಯಾಂಬೆಲ್‌ನ ಪ್ರೀತಿಯ ಹೆಂಡತಿ, ಆಮೇಲೆ ರಾಣಿಯ ಆರೈಕೆಯಲ್ಲಿ ಕ್ರೈಸ್ತ ಮತಕ್ಕೆ ಬಂದವಳು ಎಂಬ ಮಾತು. ಕೊನೆಗೆ ಯೋಹಾನನ ಸುವಾರ್ತೆಯಿಂದ ಒಂದು ಸಾಲು: ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ನನಗಿವೆ. ಒಂದೇ ಕಲ್ಲಿನಲ್ಲಿ ಯಾರ ಮಗಳು, ಯಾರ ಹೆಂಡತಿ, ಯಾರ ಸಾಕುಮಗಳು ಎಂಬ ಮೂರೂ ಸಂಬಂಧಗಳಿವೆ. ಹೆತ್ತ ತಾಯಿ ಯಾರೆಂಬುದಿಲ್ಲ. ಕೆತ್ತಿಸಿದವರು ಏನನ್ನು ನೆನಪಿಡಲು ಬಯಸಿದರು ಎಂಬುದಕ್ಕೆ ಈ ಕಲ್ಲು ಒಳ್ಳೆಯ ಸಾಕ್ಷಿ. ಹುಟ್ಟಿದ ದಿನಕ್ಕೆ ಮಾತ್ರ ತೀರಾ ದುರ್ಬಲ ಸಾಕ್ಷಿ, ಏಕೆಂದರೆ ಅದನ್ನು ಕೆತ್ತುವಾಗ ಆ ಹುಟ್ಟಿಗೆ 22 ವರ್ಷ ಕಳೆದಿತ್ತು, ಹುಟ್ಟು ನಡೆದದ್ದು ಸಾವಿರಾರು ಮೈಲಿ ಆಚೆ.

ಮುಂದಿನದು ಮರಣ ಪ್ರಮಾಣಪತ್ರ. ಇಂಗ್ಲೆಂಡಿನಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಸೂಚಿಗಳು ಮೂರು ತಿಂಗಳ ಕಂತುಗಳಲ್ಲಿವೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್. ಗೌರಮ್ಮ ತೀರಿದ ದಿನವೆಂದು ಸಾಮಾನ್ಯವಾಗಿ ಕೊಡುವುದು 1864ರ ಮಾರ್ಚ್ 30. ಇಲ್ಲೇ ಬಹಳ ಜನ ಸೋಲುತ್ತಾರೆ. ಮಾರ್ಚ್ ಕಂತು ತೆಗೆದು ನೋಡಿ ‘ನೋಂದಣಿಯೇ ಆಗಿಲ್ಲ’ ಎಂದು ಬರೆದುಬಿಡುತ್ತಾರೆ. ಸೂಚಿಗೆ ಹೆಸರು ಹತ್ತುವುದು ಸತ್ತ ದಿನದ ಲೆಕ್ಕದಲ್ಲಲ್ಲ, ರಿಜಿಸ್ಟ್ರಾರ್ ಬರೆದುಕೊಂಡ ದಿನದ ಲೆಕ್ಕದಲ್ಲಿ. ಮನೆಯವರು ಎರಡು ದಿನ ಬಿಟ್ಟು ಹೋಗಿದ್ದರೂ ಏಪ್ರಿಲ್ ಬಂದಿರುತ್ತದೆ, ಹೆಸರು ಜೂನ್ ಕಂತಿಗೆ ಹೋಗಿರುತ್ತದೆ. ತಿಂಗಳ ಕೊನೆಯ ಸಾವು ಎಂದರೆ ಎರಡೂ ಕಂತು ನೋಡುವುದು ಕಡ್ಡಾಯ.

ಪ್ರಮಾಣಪತ್ರ ಕೈಗೆ ಬಂದಾಗ ಎಲ್ಲರ ಕಣ್ಣೂ ಸಾವಿನ ಕಾರಣದ ಮೇಲೆ ಹೋಗುತ್ತದೆ. ಕ್ಷಯಕ್ಕೆ ಆಗ ಬರೆಯುತ್ತಿದ್ದ ಪದ ‘ಥೈಸಿಸ್’, ಇಂಗ್ಲಿಷಿನಲ್ಲಿ ಪಿ–ಎಚ್ ಅಕ್ಷರಗಳಿಂದ ಶುರುವಾಗುವುದರಿಂದ ಓದುವಾಗ ಎಡವುತ್ತದೆ. ನಿಜಕ್ಕೂ ಬೆಲೆಯುಳ್ಳದ್ದು ಅದರ ಪಕ್ಕದ ಅಂಕಣ, ಸುದ್ದಿ ಕೊಟ್ಟವರ ಸಹಿ ಮತ್ತು ವಿಳಾಸ. ‘ಸಾಯುವಾಗ ಹತ್ತಿರವಿದ್ದವರು’ ಎಂದು ಅಲ್ಲಿ ಯಾರ ಹೆಸರಿದೆ? ಗಂಡನದೇ, ಮನೆಗೆಲಸದವರದೇ, ನರ್ಸ್‌ದೇ? ಆ ಒಂದು ಹೆಸರಿನಿಂದ ಕೊನೆಯ ದಿನಗಳಲ್ಲಿ ಆಕೆಯ ಸುತ್ತ ಯಾರಿದ್ದರು ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನ ಆ ಕಾಲದ ಮರಣ ಪತ್ರದಲ್ಲಿ ತಂದೆ–ತಾಯಿಯ ಹೆಸರಿಗೆ ಜಾಗವೇ ಇಲ್ಲ. ಮದುವೆಯಾದ ಹೆಣ್ಣಾದರೆ ಉದ್ಯೋಗದ ಅಂಕಣದಲ್ಲಿ ‘ಇಂಥವನ ಹೆಂಡತಿ’ ಎಂದು ಬರೆಯುತ್ತಾರೆ.

ಆಮೇಲೆ ಮಗಳು ಎಡಿತ್‌ಳ ಜನನ. ಹುಟ್ಟಿದ್ದು 1861ರ ಜುಲೈ. ಜನನ ಬರೆಸಲು 42 ದಿನದ ಗಡುವು ಇರುತ್ತಿದ್ದುದರಿಂದ ಸೆಪ್ಟೆಂಬರ್ ಕಂತು ಸಾಕು. ಹಳೆಯ ಸೂಚಿಗಳಲ್ಲಿ 1911ರವರೆಗೆ ತಾಯಿಯ ತವರಿನ ಸರ್‌ನೇಮ್ ಇಲ್ಲ. ಆದರೆ ಅಲ್ಲಿನ ಜನರಲ್ ರಿಜಿಸ್ಟರ್ ಆಫೀಸ್ ತನ್ನ ಆನ್‌ಲೈನ್ ಸೂಚಿಯಲ್ಲಿ ಅದನ್ನು 1837ರಿಂದಲೇ ಸೇರಿಸಿದೆ. ಅಲ್ಲಿ ಖಾತೆ ತೆರೆದು, ಕ್ಯಾಂಬೆಲ್ ಎಂಬ ಸರ್‌ನೇಮ್, ಹೆಣ್ಣು, 1861 ಎಂದಷ್ಟು ಹಾಕಿ ತಾಯಿಯ ಅಂಕಣವನ್ನು ಓದುತ್ತ ಹೋಗಬೇಕು. ಉಳಿದ ಕ್ಯಾಂಬೆಲ್ ಹುಡುಗಿಯರ ಎದುರು ಮಾಮೂಲಿ ಇಂಗ್ಲಿಷ್, ಸ್ಕಾಟಿಷ್ ಸರ್‌ನೇಮ್‌ಗಳಿರುತ್ತವೆ. ಬೇರೆ ಥರದ್ದು ಕಂಡಲ್ಲಿ ನಿಲ್ಲಿ. ಅದು ತಾಯಿಗೆ ರಿಜಿಸ್ಟ್ರಾರ್ ಬರೆದುಕೊಂಡ ಸರ್‌ನೇಮ್. ಅದನ್ನು ಗುರುತು ಹಾಕಿಕೊಂಡು ಮದುವೆ, ಜನಗಣತಿಗಳಲ್ಲೂ ಹಾಕಿ ನೋಡಬೇಕು.

ಮದುವೆಯ ಒಂದು ಹಾಳೆ

1860ರ ಜುಲೈ ಮದುವೆ ಎಂದರೆ ಅದೂ ಸೆಪ್ಟೆಂಬರ್ ಕಂತು. 1912ಕ್ಕೆ ಮೊದಲಿನ ಮದುವೆ ಸೂಚಿಯಲ್ಲಿ ಗಂಡಿನ ಹೆಸರಿನ ಪಕ್ಕ ಹೆಣ್ಣಿನ ಹೆಸರಿಲ್ಲ, ಹೆಣ್ಣಿನ ಪಕ್ಕ ಗಂಡಿನದಿಲ್ಲ. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ, ಆದರೆ ಸಂಪುಟ ಸಂಖ್ಯೆ ಮತ್ತು ಪುಟ ಸಂಖ್ಯೆ ಒಂದೇ. ಇದೇ ಬೀಗದಕೈ. ಫ್ರೀಬಿಎಂಡಿ ಎಂಬ ಉಚಿತ ಸೂಚಿಯಲ್ಲಿ ‘ಜಾನ್ ಕ್ಯಾಂಬೆಲ್’ ಹಾಕಿದರೆ ಒಂದು ಕಂತಿನಲ್ಲೇ ಹಲವರು ಬರುತ್ತಾರೆ. ಒಬ್ಬೊಬ್ಬರ ಪುಟ ಸಂಖ್ಯೆಯ ಮೇಲೂ ಒತ್ತಿದರೆ ಆ ಪುಟದಲ್ಲಿರುವ ಎಲ್ಲ ಹೆಸರು, ಸಾಮಾನ್ಯವಾಗಿ ನಾಲ್ಕು, ತೆರೆದುಕೊಳ್ಳುತ್ತವೆ. ವಿಕ್ಟೋರಿಯಾ ಅಥವಾ ಗೌರಮ್ಮ ಎಂಬುದು ಕಂಡ ಪುಟವೇ ನಮ್ಮದು. ಹೆಣ್ಣಿನ ಕಾಗುಣಿತ ಏನೆಂದು ಗೊತ್ತಿಲ್ಲದಿದ್ದರೂ ಗಂಡಿನ ಕಡೆಯಿಂದ ಹೋಗಿ ಅದನ್ನು ಹಿಡಿಯುವ ದಾರಿ ಇದು.

ಸ್ಕಾಟ್ ಮನೆತನದವರ ಮದುವೆ ಇಂಗ್ಲೆಂಡಿನ ಸೂಚಿಯಲ್ಲಿ ಸಿಗದಿದ್ದರೆ ಸ್ಕಾಟ್ಲೆಂಡಿನದನ್ನೂ ನೋಡುವುದು ರೂಢಿ. ಅಲ್ಲಿನ ನೋಂದಣಿ 1855ರಿಂದ, ಬೇರೆ ಕಚೇರಿ, ಬೇರೆ ಜಾಲತಾಣ. ಅಲ್ಲಿ ಸಿಕ್ಕರೆ ಅದೃಷ್ಟ ಎನ್ನಬೇಕು, ಏಕೆಂದರೆ ಸ್ಕಾಟಿಷ್ ಮದುವೆ ಪತ್ರದಲ್ಲಿ ತಾಯಿಯ ಹೆಸರಿಗೂ ಅಂಕಣವಿದೆ. ಇಂಗ್ಲೆಂಡಿನ ಮದುವೆ ಪತ್ರಕ್ಕೆ ತಾಯಿಯ ಹೆಸರು ಸೇರಿದ್ದು 2021ರ ಮೇ 4ರಿಂದ. 1837ರಿಂದ ಅಲ್ಲಿಯವರೆಗೆ, 180 ವರ್ಷಕ್ಕೂ ಹೆಚ್ಚು ಕಾಲ, ಮದುಮಗಳ ತಾಯಿ ಯಾರೆಂದು ಸರ್ಕಾರ ಕೇಳಲೇ ಇಲ್ಲ. ಹೆಣ್ಣಿನ ಕಡೆಯ ವಂಶ ಹುಡುಕುವವರ ಅರ್ಧ ಕಷ್ಟ ಈ ಒಂದು ಅಂಕಣದ್ದು.

ಪತ್ರದ ಪ್ರತಿ ತರಿಸಿದ ಮೇಲೆ (ಮದುವೆಗೆ ಪಿಡಿಎಫ್ ಇಲ್ಲ, ಕಾಗದದ ಪ್ರತಿಯೇ ಬೇಕು) ನಾಲ್ಕು ಅಂಕಣ ನೋಡಿ. ವಯಸ್ಸು: 21 ದಾಟಿದವರಿಗೆ ಗುಮಾಸ್ತರು ‘ಫುಲ್ ಏಜ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಗೌರಮ್ಮ 1841ರ ಜುಲೈನಲ್ಲಿ ಹುಟ್ಟಿದ್ದೇ ಆದರೆ ಆಗ 19ರ ಆಸುಪಾಸು. ಹಾಗಾಗಿ ಅಲ್ಲಿ ‘ಮೈನರ್’ ಎಂದೋ ಅಂಕಿಯೋ ಇರಬೇಕು, ‘ಫುಲ್ ಏಜ್’ ಇದ್ದರೆ ಹುಟ್ಟಿದ ವರ್ಷವನ್ನೇ ಮತ್ತೆ ತೂಗಿ ನೋಡಬೇಕು. ಸ್ಥಿತಿ: ಕ್ಯಾಂಬೆಲ್ ಹೆಂಡತಿ ತೀರಿಕೊಂಡಿದ್ದವನು, ‘ವಿಡೋವರ್’ ಎಂದಿದ್ದರೆ ಇದು ನಮ್ಮ ಕ್ಯಾಂಬೆಲ್ ಎಂಬುದಕ್ಕೆ ಒಂದು ಗುರುತು. ತಂದೆಯ ಅಂಕಣ: ಅರಸ ತೀರಿದ್ದು 1859ರ ಸೆಪ್ಟೆಂಬರ್‌ನಲ್ಲಿ, ಮದುವೆಗೆ ಮೊದಲೇ. ‘ಡಿಸೀಸ್ಡ್’ ಎಂದು ಬರೆದಿಲ್ಲದಿದ್ದರೆ ತಂದೆ ಬದುಕಿದ್ದ ಎಂದುಕೊಳ್ಳಬೇಡಿ. ಅದನ್ನು ಬರೆಯುವುದು ಬಿಡುವುದು ಪಾದ್ರಿಯ ಮರ್ಜಿ. ಕೊನೆಗೆ ಸಾಕ್ಷಿಗಳ ಸಹಿ. ಮದುಮಗಳ ಕಡೆಯಿಂದ ಯಾರು ನಿಂತರು ಎಂಬುದಕ್ಕೆ ಇಲ್ಲಿ ಬಿಟ್ಟರೆ ಬೇರೆ ಉತ್ತರ ಸಿಗುವುದು ಕಷ್ಟ.

ಜನಗಣತಿಯ ವಿಷಯ ಚಿಕ್ಕದು. 1851ರ ಗಣತಿ ಮಾರ್ಚ್ 30ರದು, ಆಕೆ ಇನ್ನೂ ಬಂದಿರಲಿಲ್ಲ, ಅದರಲ್ಲಿ ಹುಡುಕಿ ಸಮಯ ಕಳೆಯಬೇಡಿ. 1861ರ ಗಣತಿ ಏಪ್ರಿಲ್ 7ರ ರಾತ್ರಿಯದು. ಆಕೆ ಇಂಗ್ಲೆಂಡಿನಲ್ಲಿದ್ದ ಅಷ್ಟೂ ವರ್ಷದಲ್ಲಿ ನಡೆದ ಗಣತಿ ಇದೊಂದೇ. ಹೆಸರು ಹಾಕಿ ಸಿಗದಿದ್ದರೆ ಹುಟ್ಟಿದ ಊರಿನ ಅಂಕಣದಲ್ಲಿ ‘ಈಸ್ಟ್ ಇಂಡೀಸ್’ ಹಾಕಿ, ವಯಸ್ಸು 18ರಿಂದ 21, ಸರ್‌ನೇಮ್ ಕ್ಯಾಂಬೆಲ್ ಎಂದು ಕೊಟ್ಟು ನೋಡಿ.

ಅರಮನೆಯ ಕಾಗದಗಳು ಮತ್ತು ಅವುಗಳ ಕಣ್ಣು

1852ರಿಂದ 1860ರವರೆಗಿನ ಎಂಟು ವರ್ಷಕ್ಕೆ ಸರ್ಕಾರಿ ನೋಂದಣಿ ಏನೂ ಸಹಾಯ ಮಾಡುವುದಿಲ್ಲ. ಹಡಗಿನಲ್ಲಿ ಬಂದಿಳಿದವರ ಪಟ್ಟಿಯೂ ಇಲ್ಲ, ಬ್ರಿಟನ್ನಿನ ಆ ಸರ್ಕಾರಿ ಶ್ರೇಣಿ ಶುರುವಾಗುವುದೇ 1878ರಿಂದ. ಆಗ ಸೂಯೆಜ್ ಕಾಲುವೆಯೂ ಇರಲಿಲ್ಲ. ಸೂಯೆಜ್‌ನಲ್ಲಿ ಇಳಿದು, ನೆಲದ ಮೇಲೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಇನ್ನೊಂದು ಹಡಗು ಹತ್ತಬೇಕಿತ್ತು. ಹೀಗಾಗಿ ಬಂದ ದಿನಕ್ಕೆ ಪತ್ರಿಕೆಗಳೇ ಗತಿ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ‘ಕೂರ್ಗ್’ ಎಂಬ ಒಂದೇ ಪದ ಹಾಕಿ, 1852ರ ಏಪ್ರಿಲ್‌ನಿಂದ ಜುಲೈವರೆಗೆ ದಿನಾಂಕ ಕಟ್ಟಿ ಓದಿ. ‘ಗೌರಮ್ಮ’ ಹಾಕಿದರೆ ಸಿಗುವುದು ಕಡಿಮೆ, ಯಂತ್ರ ಓದಿದ ಹಳೆಯ ಅಚ್ಚಿನಲ್ಲಿ ಅಪರೂಪದ ಹೆಸರುಗಳೇ ಮೊದಲು ಕೆಡುವುದು. ಅರಮನೆಯ ದಿನದಿನದ ಪ್ರಕಟಣೆ ‘ಕೋರ್ಟ್ ಸರ್ಕ್ಯುಲರ್’ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಬ್ಯಾಪ್ಟಿಸಂ ದಿನವನ್ನು ಅಲ್ಲಿಂದಲೇ ಖಚಿತಪಡಿಸಿಕೊಳ್ಳಬೇಕು. ಆಕೆ ಹುಟ್ಟಿದ ದಿನವೆಂದು ಕೊಡುವುದು ಜುಲೈ 4, ಬ್ಯಾಪ್ಟಿಸಂ ಅದಕ್ಕೆ ಮೊದಲಿದ್ದರೆ ಹುಡುಗಿಗೆ ಹತ್ತು, ನಂತರವಿದ್ದರೆ ಹನ್ನೊಂದು. ‘ಹನ್ನೊಂದರ ಬಾಲೆ’ ಎಂದು ಎಲ್ಲರೂ ಬರೆಯುವ ಮಾತನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ.

ರಾಣಿಯ ದಿನಚರಿ ಈಗ ಆನ್‌ಲೈನ್‌ನಲ್ಲಿದೆ, ಗೌರಮ್ಮ ಅದರಲ್ಲಿ ಬರುತ್ತಾಳೆ. ಓದುವ ಮೊದಲು ಒಂದು ಸಂಗತಿ ತಲೆಯಲ್ಲಿರಲಿ. 1852ರದು ಎಂದು ನಾವು ಓದುವ ಪುಟ ವಿಕ್ಟೋರಿಯಾ ಕೈಬರಹವಲ್ಲ. ರಾಣಿ ತೀರಿದ ಮೇಲೆ ಕಿರಿಮಗಳು ಬೀಟ್ರಿಸ್ ವರ್ಷಗಟ್ಟಲೆ ಕೂತು ದಿನಚರಿಯನ್ನು ನಕಲು ಮಾಡಿದಳು, ತನಗೆ ಬೇಡವೆನಿಸಿದ್ದನ್ನು ಬಿಟ್ಟಳು, ತಿದ್ದಿದಳು, ಮೂಲವನ್ನು ಸುಟ್ಟಳು. ಉಳಿದದ್ದು 111 ಪುಸ್ತಕಗಳ ಆ ನಕಲು. ಆದ್ದರಿಂದ ದಿನಚರಿಯಲ್ಲಿ ಇರುವುದನ್ನು ಸಾಕ್ಷಿಯಾಗಿ ಎತ್ತಿಕೊಳ್ಳಬಹುದು, ಇಲ್ಲದಿರುವುದನ್ನು ಸಾಕ್ಷಿ ಮಾಡಲಾಗದು. ‘ಆಮೇಲೆ ರಾಣಿ ಆಕೆಯನ್ನು ಮರೆತಳು’ ಎಂದು ಬರೀ ಪುಟಗಳ ಮೌನ ನೋಡಿ ಬರೆಯುವುದು ತಪ್ಪು.

ಬ್ಯಾಪ್ಟಿಸಂ ಆದ ಮೇಲೆ ಹುಡುಗಿಯನ್ನು ಮೇಜರ್ ಡ್ರಮಂಡ್ ದಂಪತಿಯ ಮನೆಗೆ ಒಪ್ಪಿಸಿದರು. ಮುಂದೆ ಆಕೆ ಬಂದದ್ದು ಲಾಗಿನ್ ದಂಪತಿಯ ಕೈಗೆ. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್‌ನನ್ನು ಸಾಕಿದವರೂ ಅವರೇ. ಗೌರಮ್ಮನಿಗೂ ಆತನಿಗೂ ಮದುವೆ ಮಾಡಿಸಬೇಕೆಂದು ರಾಣಿಗೆ ಆಸೆಯಿತ್ತು, ಅದು ಕೂಡಿಬರಲಿಲ್ಲ. ಈ ವರ್ಷಗಳ ಬಗ್ಗೆ ಹೆಚ್ಚು ಹೇಳುವುದು ಲೇಡಿ ಲಾಗಿನ್ ಬರೆದ ನೆನಪುಗಳು ಮತ್ತು ಆಕೆಯ ಮಗಳು 1916ರಲ್ಲಿ ಹೊರತಂದ ಪುಸ್ತಕ. ಗೌರಮ್ಮ ಹಟಮಾರಿ, ಚಂಚಲೆ ಎಂಬ ಚಿತ್ರ ಬಹುಪಾಲು ಅಲ್ಲಿಂದ ಹುಟ್ಟಿದ್ದು. ಹಾಗೆ ಬರೆದವಳು ಕರ್ನಲ್ ಕ್ಯಾಂಬೆಲ್‌ನ ಅಕ್ಕ–ತಂಗಿ ಪೈಕಿಯವಳು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಮನೆಗೆ ಬಂದ ಸೊಸೆಯ ಸ್ವಭಾವದ ಬಗ್ಗೆ ಗಂಡನ ಮನೆಯವರು ಹೇಳಿದ್ದನ್ನು ನಮ್ಮೂರಲ್ಲಿ ಎಷ್ಟು ನಂಬುತ್ತೇವೋ ಅಷ್ಟೇ ಇಲ್ಲೂ ನಂಬಬೇಕು. ದಿನಾಂಕ, ಊರು, ಮನೆಗಳ ಹೆಸರಿಗೆ ಆ ಪುಸ್ತಕ ಬಹಳ ಉಪಯೋಗ, ಗುಣದೋಷಕ್ಕೆ ಬೇರೆ ಸಾಕ್ಷಿ ಸಿಗುವವರೆಗೆ ಪಕ್ಕಕ್ಕಿಡಿ.

ಚಿತ್ರಗಳೂ ದಾಖಲೆಗಳೇ. ವಿಂಟರ್‌ಹಾಲ್ಟರ್ 1852ರಲ್ಲಿ ಬರೆದ ತೈಲಚಿತ್ರ, ಮಾರೊಕೆಟಿ ಕಡೆದ ಎದೆಮಟ್ಟದ ಶಿಲ್ಪ, ಎರಡೂ ಬ್ರಿಟನ್ನಿನ ರಾಜಮನೆತನದ ಕಲಾಸಂಗ್ರಹದಲ್ಲಿವೆ. ಅಲ್ಲಿ ಕಾಣುವ ಭಾರತೀಯ ಉಡುಗೆ–ಒಡವೆ ಕಂಡು ‘ಆಕೆ ಹೀಗೇ ಉಡುತ್ತಿದ್ದಳು’ ಎನ್ನಬಾರದು. ಮಾಡಿಸಿದವರು ರಾಣಿ, ಹೇಗೆ ಕಾಣಬೇಕು ಎಂಬುದು ಮಾಡಿಸಿದವರ ಇಚ್ಛೆ.

ಕಾಶಿಯ ವರ್ಷಗಳು

ಹುಟ್ಟಿನ ದಾಖಲೆಗೆ ಬಹಳ ಜನ ಹೋಗಿ ಮುಗ್ಗರಿಸುವುದು ಬ್ರಿಟಿಷ್ ಲೈಬ್ರರಿಯ ಚರ್ಚ್ ನಕಲುಗಳಲ್ಲಿ. ಬಂಗಾಳಕ್ಕೆ ಎನ್–1, ಮದ್ರಾಸಿಗೆ ಎನ್–2, ಬೊಂಬಾಯಿಗೆ ಎನ್–3 ಎಂಬ ಆ ಶ್ರೇಣಿಗಳಲ್ಲಿ ಇರುವುದು ಕ್ರೈಸ್ತರ ಬ್ಯಾಪ್ಟಿಸಂ, ಮದುವೆ, ದಫನ. ಕಾಶಿಯಲ್ಲಿ ಲಿಂಗಾಯತ ಅರಸನ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರು ಅಲ್ಲಿ ಬರುವ ದಾರಿಯೇ ಇಲ್ಲ. ಅಲ್ಲಿ ಸಿಗದಿದ್ದರೆ ಅದು ದಾಖಲೆ ಕಳೆದುಹೋದದ್ದಲ್ಲ, ಬರೆಯುವ ಪದ್ಧತಿಯೇ ಇರಲಿಲ್ಲ.

ನೋಡಬೇಕಾದದ್ದು ಅರಸನ ಮೇಲಿನ ಕಾವಲಿನ ಕಾಗದ. ಪದಚ್ಯುತ ಅರಸರ ಮೇಲೆ ಕಣ್ಣಿಡುತ್ತಿದ್ದುದು ಕಾಶಿಯಲ್ಲಿದ್ದ ಗವರ್ನರ್ ಜನರಲ್‌ನ ಏಜೆಂಟ್. ಪಿಂಚಣಿ ಎಷ್ಟು, ಮನೆಯಲ್ಲಿ ಎಷ್ಟು ಜನ, ಯಾರು ಹುಟ್ಟಿದರು, ಯಾರು ಸತ್ತರು, ಯಾರಿಗೆ ಮದುವೆ ಎಂಬುದೆಲ್ಲ ಆ ವರದಿಗಳಲ್ಲಿ ಬರುವುದು ಹಣದ ಲೆಕ್ಕಕ್ಕಾಗಿ. ನಮ್ಮ ಹೆಣ್ಣುಮಕ್ಕಳು ಅಲ್ಲಿ ಕಾಣುವುದು ಖರ್ಚಿನ ಬಾಬ್ತಾಗಿ. ಪ್ರತಿಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ವಿದೇಶಾಂಗ ಇಲಾಖೆಯ ನಡಾವಳಿಗಳಲ್ಲಿವೆ. ‘ಅಭಿಲೇಖ್ ಪಟಲ್’ ಎಂಬ ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ‘ಎಕ್ಸ್ ರಾಜಾ ಆಫ್ ಕೂರ್ಗ್’ ಎಂದು ಹಾಕಿ, 1834ರಿಂದ 1860ರವರೆಗೆ ವರ್ಷ ಕಟ್ಟಿ ನೋಡಿ. ‘ರಾಜಾ’ಕ್ಕೆ ಕೊನೆಯಲ್ಲಿ ಎಚ್ ಇರುವುದು, ಇಲ್ಲದಿರುವುದು ಎರಡನ್ನೂ ಹಾಕಬೇಕು. ಲಂಡನ್ನಿಗೆ ಹೋದ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಎಫ್–4 ಎಂಬ ಶ್ರೇಣಿಯಲ್ಲಿ. 2023ರ ಅಕ್ಟೋಬರ್‌ನ ಸೈಬರ್ ದಾಳಿಯಿಂದ ಅಲ್ಲಿನ ಆನ್‌ಲೈನ್ ಸೇವೆಗಳು ಬಹಳ ಕಾಲ ಏರುಪೇರಾಗಿದ್ದವು. ಹಳೆಯ ಬರಹಗಳಲ್ಲಿರುವ ಕೊಂಡಿ ತೆರೆಯದಿದ್ದರೆ ಶ್ರೇಣಿ ಸಂಖ್ಯೆಯನ್ನೇ ಬರೆದು ಲೈಬ್ರರಿಗೆ ಕೇಳುವುದು ಮೇಲು.

ಗೌರಮ್ಮನಿಗೆ ಅಕ್ಕಂದಿರಿದ್ದರು. ಒಬ್ಬಳನ್ನು ನೇಪಾಳದ ಜಂಗ್ ಬಹದ್ದೂರ್ ರಾಣಾ ಯುರೋಪಿನಿಂದ ಮರಳುವಾಗ ಕಾಶಿಯಲ್ಲಿ ಮದುವೆಯಾದ. ಒಬ್ಬ ಮಗಳು ಕಠ್ಮಂಡುವಿಗೆ, ಒಬ್ಬ ಮಗಳು ಲಂಡನ್ನಿಗೆ. ಅಕ್ಕನ ಮದುವೆಯ ಕಾಗದ ತೆಗೆದರೆ ತಂಗಿಯ ಮನೆಯ ಸ್ಥಿತಿಗತಿ ಸಿಗಬಹುದು. ಕವಲಿನ ಹೆಣ್ಣುಮಕ್ಕಳನ್ನು ಬಿಟ್ಟು ನೇರ ರೇಖೆಯಲ್ಲೇ ಹುಡುಕುವವರು ಇಂಥದ್ದನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು ಗಣಿ ದಾವೆ. ಅರಸ ಇಂಗ್ಲೆಂಡಿಗೆ ಹೋದ ಕಾರಣಗಳಲ್ಲಿ ಮಗಳ ವಿದ್ಯೆ ಒಂದು, ಕಂಪನಿ ಕಿತ್ತುಕೊಂಡ ಸಾಲಪತ್ರಗಳ ಹಣ ಇನ್ನೊಂದು. ಅದಕ್ಕಾಗಿ ಕಂಪನಿಯ ಮೇಲೇ ಕೋರ್ಟಿಗೆ ಹೋದ. ತೀರ್ಪು ಅಚ್ಚಾದದ್ದು ಬೀವನ್ ಎಂಬ ಕಾನೂನು ವರದಿಗಳ 29ನೇ ಸಂಪುಟ, 300ನೇ ಪುಟ, 1860. ಯುದ್ಧದಲ್ಲಿ ರಾಜ್ಯಾಧಿಕಾರದಿಂದ ವಶಪಡಿಸಿಕೊಂಡದ್ದು, ಕೋರ್ಟು ಕೇಳುವಂತಿಲ್ಲ ಎಂದು ತೀರ್ಪಾಯಿತು. ಕಾನೂನು ವಿದ್ಯಾರ್ಥಿಗಳು ಇದನ್ನು ಓದುವುದು ಆ ಸೂತ್ರಕ್ಕಾಗಿ. ವಂಶ ಹುಡುಕುವವರು ಓದಬೇಕಾದದ್ದು ಅಚ್ಚಾದ ತೀರ್ಪನ್ನಲ್ಲ, ಕ್ಯೂನಲ್ಲಿರುವ ಚಾನ್ಸರಿ ಕೋರ್ಟಿನ ಮೂಲ ಅರ್ಜಿ ಮತ್ತು ಅಫಿಡವಿಟ್‌ಗಳನ್ನು. ವಾದಿ 1859ರಲ್ಲೇ ತೀರಿಕೊಂಡಿದ್ದ. ದಾವೆಯ ನಡುವೆ ವಾದಿ ಸತ್ತರೆ ಯಾರು ವಾರಸುದಾರರು ಎಂಬ ಪ್ರಶ್ನೆ ಏಳುತ್ತದೆ, ಆಗ ಹೆಂಡತಿ–ಮಕ್ಕಳ ಹೆಸರು ಕಾಗದಕ್ಕೆ ಬರುತ್ತದೆ. ಹೆಣ್ಣುಮಕ್ಕಳ ಹೆಸರು ಆಸ್ತಿಯ ಜಗಳದಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ, ಅರಮನೆಯಾಗಲಿ ಗುಡಿಸಲಾಗಲಿ.

ಕೊಡಗಿನ ಕಡೆಯ ಪುಸ್ತಕಗಳನ್ನು ಹಿನ್ನೆಲೆಗೆ ಓದಿಕೊಳ್ಳಿ. ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’ ಹಾಲೇರಿ ವಂಶದ ಕಥೆ ಹೇಳುತ್ತದೆ, ಆದರೆ ಗೌರಮ್ಮ ಹುಟ್ಟುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲೇ ನಿಲ್ಲುತ್ತದೆ. ಮೋಗ್ಲಿಂಗ್ 1855ರಲ್ಲಿ ಬರೆದದ್ದು ಅರಸನ ಕಾಲಕ್ಕೆ ಹತ್ತಿರದ್ದು, ಆದರೆ ಬರೆದವರು ಮಿಷನರಿ. ಅರಸನ ಕ್ರೌರ್ಯ ಎಷ್ಟು ಕಪ್ಪಾದರೆ ಮಗಳ ಮತಾಂತರ ಅಷ್ಟು ಬೆಳ್ಳಗೆ ಕಾಣುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಅದೇ ಕಾಲದಲ್ಲಿ ಕರಾವಳಿ, ಧಾರವಾಡ, ಕೊಡಗುಗಳಲ್ಲಿ ಕ್ರೈಸ್ತರಾದ ಸಾಮಾನ್ಯ ಹೆಣ್ಣುಮಕ್ಕಳನ್ನು ಹುಡುಕುವವರಿಗೆ ಅರಮನೆಯ ದಿನಚರಿ ಇಲ್ಲ, ಆದರೆ ಬಾಸೆಲ್ ಮಿಷನ್ನಿನ ಕಾಗದಗಳಿವೆ. ಮಂಗಳೂರಿನ ಬಲ್ಮಠದಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಅವನ್ನು ಕಾಪಿಟ್ಟಿದ್ದಾರೆ.

ಉಯಿಲು ಯಾಕೆ ಸಿಗುವುದಿಲ್ಲ

ಗೌರಮ್ಮನ ಒಡವೆಗಳ ಬಗ್ಗೆ ಕಥೆಗಳು ಬಹಳ. ಅವುಗಳ ಪಟ್ಟಿ ಉಯಿಲಿನಲ್ಲಿ ಇರಬೇಕಲ್ಲ ಎಂದು 1864ರ ಪ್ರೊಬೇಟ್ ಕ್ಯಾಲೆಂಡರ್ (ಉಯಿಲುಗಳ ವಾರ್ಷಿಕ ಸೂಚಿ) ತೆಗೆದವರಿಗೆ ನಿರಾಶೆ ಕಾದಿರುತ್ತದೆ. 1883ರ ಜನವರಿ 1ರಂದು ಹೊಸ ಕಾಯಿದೆ ಜಾರಿಗೆ ಬರುವವರೆಗೆ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣು, ಅಪವಾದಗಳನ್ನು ಬಿಟ್ಟರೆ, ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲ. ಆಕೆಯ ಚರಾಸ್ತಿ ಮದುವೆಯ ದಿನವೇ ಗಂಡನದಾಗುತ್ತಿತ್ತು. ಆದರೂ ಕ್ಯಾಲೆಂಡರನ್ನು 1864ಕ್ಕೇ ಮುಚ್ಚಬೇಡಿ. ಇತ್ಯರ್ಥವಾಗದ ಆಸ್ತಿ ಉಳಿದಿದ್ದರೆ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಆಡಳಿತ ಪತ್ರ (ಆ ಆಸ್ತಿ ನೋಡಿಕೊಳ್ಳುವ ಅಧಿಕಾರ) ಕೊಟ್ಟ ಉದಾಹರಣೆಗಳಿವೆ. ಮಗಳು ಎಡಿತ್‌ಗೆ 21 ತುಂಬಿದ್ದು 1882ರಲ್ಲಿ, ಆ ವರ್ಷದ ಆಚೀಚೆ ಕ್ಯಾಂಬೆಲ್, ಕೂರ್ಗ್ ಎರಡೂ ಹೆಸರು ನೋಡುವುದು ಕ್ರಮ. ಅರಸನ ಹೆಸರನ್ನು 1859ರಿಂದ ಮುಂದಕ್ಕೆ ಕೂರ್ಗ್, ರಾಜಾ, ವೀರ್ ಎಂಬ ಮೂರು ಕಡೆ ನೋಡಬೇಕು.

ಕ್ಯಾಂಬೆಲ್‌ನ ಕಾಗದಗಳ ಸರಣಿಯೂ 1867ರ ಹೊತ್ತಿಗೆ ಕಡಿಯುತ್ತದೆ. ಒಡವೆಗಳನ್ನು ಇಟ್ಟುಕೊಂಡು ಮನೆಯಿಂದ ಹೊರಟವನು ಮರಳಲಿಲ್ಲ ಎಂಬ ಕಥೆ ಲಾಗಿನ್ ಮನೆಯವರ ಪುಸ್ತಕದಿಂದ ಬಂದದ್ದು. ಅದನ್ನು ಹಾಗೇ ಎತ್ತಿ ಬರೆಯುವ ಬದಲು ಆಗಿನ ಪತ್ರಿಕೆಗಳ ಜಾಹೀರಾತು ಅಂಕಣ ನೋಡಬೇಕು. ಕಾಣೆಯಾದವರಿಗಾಗಿ ವಕೀಲರು ಕೊಡುತ್ತಿದ್ದ ಪ್ರಕಟಣೆಗಳು ಅಲ್ಲಿರುತ್ತವೆ. ಅದರ ಜೊತೆಗೆ 1871ರ ಏಪ್ರಿಲ್ 2ರ ಗಣತಿಯನ್ನು ತೆಗೆಯಿರಿ. ಅದರಲ್ಲಿ ಹುಡುಕಬೇಕಾದದ್ದು ಒಂಬತ್ತು ವರ್ಷದ ಎಡಿತ್ ಕ್ಯಾಂಬೆಲ್‌ಳನ್ನು. ಆಕೆ ಯಾರ ಮನೆಯಲ್ಲಿದ್ದಾಳೆ ಎಂಬುದನ್ನೂ, ಮನೆಯ ಯಜಮಾನನಿಗೆ ಆಕೆ ಏನಾಗಬೇಕು ಎಂಬ ಅಂಕಣವನ್ನೂ ಬರೆದುಕೊಳ್ಳಿ. ಅಲ್ಲಿರುವುದು ‘ಮಗಳು’ ಎಂದಲ್ಲದೆ ‘ನೀಸ್’ (ಸೋದರ ಸೊಸೆ), ‘ವಾರ್ಡ್’ (ಪಾಲನೆಯಲ್ಲಿರುವವಳು), ‘ಬೋರ್ಡರ್’ (ಹಣ ಕೊಟ್ಟು ಉಳಿದವಳು) ಎಂದಿದ್ದರೆ ಮುಂದಿನ ಕಡತ ತೆಗೆಯಬೇಕಾದದ್ದು ಆ ಯಜಮಾನನ ಹೆಸರಿನಲ್ಲಿ.